ಫೆರಿಟಿನ್ ವರದಿಯನ್ನು ಒಂಟಿಯಾಗಿ ಓದದೆ: ಕ್ರೀಡಾಪಟುಗಳೊಂದಿಗೆ ನನ್ನ ಅನುಭವ

ದೂರದ ಓಟ, ಸೈಕ್ಲಿಂಗ್, ಈಜು ಮುಂತಾದ ದೀರ್ಘ ಶ್ರಮದ ಕ್ರೀಡೆಗಳಲ್ಲಿ ತೊಡಗಿದವರಿಗೆ ಆಹಾರದ ಸಲಹೆ ನೀಡುವುದು ನನ್ನ ವೃತ್ತಿ. ಸುಸ್ತು ಬಿಡುತ್ತಿಲ್ಲ, ಅಭ್ಯಾಸದ ಕೊನೆಯ ಸುತ್ತುಗಳಲ್ಲಿ ಕಾಲು ಏಳುತ್ತಿಲ್ಲ ಎಂದು ಬರುವವರ ಬಳಿ ಸಾಮಾನ್ಯವಾಗಿ ಎರಡು ವರದಿಗಳಿರುತ್ತವೆ: ಒಂದು ರಕ್ತಪರೀಕ್ಷೆಯದು, ಇನ್ನೊಂದು ದೇಹದ ಕೊಬ್ಬು ಮತ್ತು ಸ್ನಾಯುವಿನ ಪ್ರಮಾಣದ್ದು. ಮೊದಲನೆಯದನ್ನು ನೋಡಿದ ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದಿರುತ್ತಾರೆ. ಎರಡನೆಯದನ್ನು ನೋಡಿದ ತರಬೇತುದಾರರು ತೂಕ ಇನ್ನೂ ಸ್ವಲ್ಪ ಇಳಿಯಲಿ ಎಂದಿರುತ್ತಾರೆ. ಈ ಎರಡು ಸಲಹೆಗಳು ಒಂದೇ ದೇಹದೊಳಗೆ ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡಬಲ್ಲವು ಎಂಬುದನ್ನು ಇಬ್ಬರೂ ಗಮನಿಸಿರುವುದಿಲ್ಲ. ಆದ್ದರಿಂದ ಎರಡು ಅಳತೆಗಳನ್ನೂ ಒಂದೇ ವಾರದಲ್ಲಿ ಮಾಡಿಸಿ, ಒಂದೇ ಹಾಳೆಯ ಮೇಲೆ ಬರೆದು ಓದುವ ಕ್ರಮವನ್ನು ನಾನು ರೂಢಿಸಿಕೊಂಡಿದ್ದೇನೆ.

ರಕ್ತದ ಮಟ್ಟಿಗೆ ಹಿಮೋಗ್ಲೋಬಿನ್ ಒಂದನ್ನೇ ನೋಡಿ ತೃಪ್ತರಾಗುವವರು ಈಗಲೂ ಬಹಳ ಮಂದಿ. ದೇಹದ ಕಬ್ಬಿಣಾಂಶದ ದಾಸ್ತಾನು ಬಹುಪಾಲು ಬರಿದಾದ ಮೇಲಷ್ಟೇ ಹಿಮೋಗ್ಲೋಬಿನ್ ಇಳಿಯತೊಡಗುತ್ತದೆ. ಆ ದಾಸ್ತಾನಿನ ಸುಳಿವು ಕೊಡುವುದು ರಕ್ತದಲ್ಲಿರುವ ಫೆರಿಟಿನ್ ಎಂಬ ಪ್ರೋಟೀನು. ಕ್ರೀಡಾವೈದ್ಯಕೀಯದಲ್ಲಿ ಬಳಕೆಯಲ್ಲಿರುವ ಒಂದು ವಿಂಗಡಣೆಯ ಪ್ರಕಾರ ಫೆರಿಟಿನ್ ಪ್ರತಿ ಲೀಟರಿಗೆ 35 ಮೈಕ್ರೋಗ್ರಾಂಗಿಂತ ಕೆಳಗಿಳಿದರೆ ಅದು ಕೊರತೆಯ ಮೊದಲ ಹಂತ. 20ಕ್ಕಿಂತ ಕೆಳಗಿಳಿದು, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣಾಂಶ ಹೊರುವ ಪ್ರೋಟೀನಿನ ಎಷ್ಟು ಪಾಲು ತುಂಬಿದೆ ಎಂಬ ಅಳತೆ) ಶೇಕಡ 16ಕ್ಕಿಂತ ಕಡಿಮೆಯಾದರೆ ಎರಡನೆಯದು. ಫೆರಿಟಿನ್ 12ಕ್ಕಿಂತ ಕೆಳಗೆ ಹೋಗಿ ಹಿಮೋಗ್ಲೋಬಿನ್ ಕೂಡ ಕುಸಿದರೆ ಅದು ಮೂರನೆಯದಾದ ರಕ್ತಹೀನತೆ. ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಮೊದಲೆರಡು ಹಂತಗಳಲ್ಲಿರುತ್ತಾರೆ. ಅವರ ವರದಿಯ ಮೇಲೆ 'ಸಾಮಾನ್ಯ' ಎಂದು ಅಚ್ಚಾಗಿರುವುದೂ ಉಂಟು.

ರಕ್ತ ಯಾವಾಗ ಕೊಡಬೇಕು ಎಂಬುದರಲ್ಲಿ ನಾನು ಬಹಳ ಕಟ್ಟುನಿಟ್ಟು. ದೇಹದಲ್ಲಿ ಉರಿಯೂತವಿದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಹಿಂದಿನ ದಿನ ಕಠಿಣ ಅಭ್ಯಾಸ ಮಾಡಿದ್ದರೆ, ನೆಗಡಿ, ಜ್ವರವಿದ್ದರೆ, ಬರಿದಾದ ದಾಸ್ತಾನು ಕೂಡ ತುಂಬಿದಂತೆ ತೋರಬಹುದು. ಅತ್ತ ತರಬೇತಿ ಜೋರಾದ ಆರಂಭದ ವಾರಗಳಲ್ಲಿ ರಕ್ತದ ದ್ರವಭಾಗ ಹಿಗ್ಗುವುದರಿಂದ, ಕೆಂಪು ಕಣಗಳು ಕಡಿಮೆಯಾಗದಿದ್ದರೂ ಹಿಮೋಗ್ಲೋಬಿನ್ ಸಂಖ್ಯೆ ತೆಳುವಾಗಿ ಕಾಣುತ್ತದೆ. ಆದ್ದರಿಂದ ವಿಶ್ರಾಂತಿಯ ದಿನದ ಮರುಬೆಳಿಗ್ಗೆ, ಸಾಕಷ್ಟು ನೀರು ಕುಡಿದಿರುವಾಗ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ರಕ್ತ ಕೊಡಲು ಹೇಳುತ್ತೇನೆ. ಜೊತೆಗೆ ಸಿಆರ್‌ಪಿ ಎಂಬ, ಉರಿಯೂತವನ್ನು ತೋರಿಸುವ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಅದು ಏರಿದ್ದರೆ ಫೆರಿಟಿನ್ ಅಂಕಿಯನ್ನು ನಂಬದೆ, ಕೆಲವು ದಿನ ಬಿಟ್ಟು ಮತ್ತೆ ಅಳೆಸುತ್ತೇನೆ.

ದೇಹ ಸಂಯೋಜನೆಯನ್ನು ತಿಳಿಯಲು ನಾನು ಹೆಚ್ಚಾಗಿ ನೆಚ್ಚಿಕೊಂಡಿರುವುದು ಚರ್ಮದ ಮಡಿಕೆಯ ದಪ್ಪ ಅಳೆಯುವ ಕ್ಯಾಲಿಪರನ್ನು. ದೇಹದ ಬಲಭಾಗದಲ್ಲಿ ಎಂಟು ಕಡೆ ಗುರುತು ಹಾಕಿ, ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಹೆಬ್ಬೆರಳು, ತೋರುಬೆರಳುಗಳ ನಡುವೆ ಎತ್ತಿ ಹಿಡಿದು, ಬೆರಳಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಕ್ಯಾಲಿಪರ್ ಇಟ್ಟು, ಸರಿಯಾಗಿ ಎರಡು ಸೆಕೆಂಡಿಗೆ ಓದಬೇಕು. ತಡಮಾಡಿದರೆ ಒತ್ತಡಕ್ಕೆ ಮಡಿಕೆ ಕುಗ್ಗಿ ಸಂಖ್ಯೆ ಕಡಿಮೆಯಾಗುತ್ತದೆ. ಎಂಟೂ ಕಡೆ ಒಂದು ಸುತ್ತು ಮುಗಿಸಿದ ಮೇಲೆಯೇ ಎರಡನೆಯ ಸುತ್ತು. ಎರಡರ ನಡುವೆ ಶೇಕಡ 5ಕ್ಕಿಂತ ಹೆಚ್ಚು ಅಂತರ ಬಂದ ಜಾಗಕ್ಕೆ ಮೂರನೆಯ ಸಲ. ಹೀಗೆ ಬಂದ ಮಿಲಿಮೀಟರುಗಳ ಮೊತ್ತವನ್ನು ನಾನು ಕೊಬ್ಬಿನ ಶೇಕಡಾವಾರಿಗೆ ಪರಿವರ್ತಿಸುವುದಿಲ್ಲ. ಆ ಸೂತ್ರಗಳು ಯಾವ ಜನರನ್ನು ಅಳೆದು ರೂಪುಗೊಂಡವೋ ಅವರಿಗಷ್ಟೇ ಚೆನ್ನಾಗಿ ಒಪ್ಪುತ್ತವೆ. ಅಲ್ಲದೆ 'ನಿನ್ನ ಕೊಬ್ಬು ಶೇಕಡ ಇಷ್ಟು' ಎಂಬ ಮಾತು ಒಮ್ಮೆ ತಲೆಗೆ ಹೊಕ್ಕರೆ ಕ್ರೀಡಾಪಟು ಅದನ್ನೇ ಗುರಿಯಾಗಿಸಿಕೊಂಡು ಊಟ ಬಿಡತೊಡಗುತ್ತಾಳೆ. ಮೊತ್ತ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಿಳಿದರೆ ನನ್ನ ಕೆಲಸಕ್ಕೆ ಸಾಕು. ಸ್ನಾಯುವಿನ ಅಂದಾಜು ಬೇಕಾದಾಗ ಕ್ಷ-ಕಿರಣದಿಂದ ದೇಹದ ಕೊಬ್ಬು, ಸ್ನಾಯು, ಮೂಳೆಗಳನ್ನು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸುತ್ತೇನೆ, ಅದೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ; ಏಕೆಂದರೆ ತಿಂದ ಊಟವನ್ನೂ ಕುಡಿದ ನೀರನ್ನೂ ಆ ಯಂತ್ರ ಮಾಂಸಖಂಡದ ಲೆಕ್ಕಕ್ಕೇ ಸೇರಿಸುತ್ತದೆ. ಮನೆಬಳಕೆಯ ವಿದ್ಯುತ್ ತೂಕಯಂತ್ರಗಳು ತೋರಿಸುವ ಕೊಬ್ಬಿನ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಳೆಯ ಮೇಲೆ ಮೂರನೆಯದಾಗಿ ಬರೆಯುವುದು ದೇಹಕ್ಕೆ ಉಳಿಯುವ ಶಕ್ತಿಯ ಲೆಕ್ಕ. ತಿಂದ ಕ್ಯಾಲೊರಿಗಳಿಂದ ಅಭ್ಯಾಸಕ್ಕೆ ಖರ್ಚಾದದ್ದನ್ನು ಕಳೆದು, ಉಳಿದದ್ದನ್ನು ಕೊಬ್ಬುರಹಿತ ತೂಕದಿಂದ ಭಾಗಿಸಬೇಕು. 50 ಕಿಲೋ ತೂಕದ ಓಟಗಾರ್ತಿಯ ಕೊಬ್ಬುರಹಿತ ತೂಕ 42 ಕಿಲೋ ಎಂದಿಟ್ಟುಕೊಳ್ಳೋಣ. ಆಕೆ ದಿನಕ್ಕೆ 2,000 ಕ್ಯಾಲೊರಿ ತಿಂದು, ಓಟದಲ್ಲಿ 800 ಖರ್ಚು ಮಾಡಿದರೆ ಉಳಿಯುವುದು 1,200. ಅಂದರೆ ಕಿಲೋಗೆ 29ಕ್ಕೂ ಕಡಿಮೆ. ಸುಮಾರು 45 ಇದ್ದರೆ ದೇಹದ ಎಲ್ಲ ಕೆಲಸಗಳೂ ಸರಾಗವಾಗಿ ನಡೆಯುತ್ತವೆ. 30ರ ಕೆಳಗೆ ಬಹಳ ಕಾಲ ಉಳಿದರೆ ಮುಟ್ಟು, ಮೂಳೆ, ರಕ್ತ ಎಲ್ಲದರ ಮೇಲೂ ಪೆಟ್ಟು ಬೀಳುವ ಸಂಭವ ಹೆಚ್ಚು. ಊಟದ ದಾಖಲೆಯಲ್ಲಿ ಮರೆವು ಇದ್ದೇ ಇರುತ್ತದೆ, ಆದ್ದರಿಂದ ಇದನ್ನು ಗಡಿರೇಖೆ ಎಂದಲ್ಲ, ಸುಳಿವು ಎಂದಷ್ಟೇ ಪರಿಗಣಿಸುತ್ತೇನೆ.

ಈ ಶಕ್ತಿಯ ಕೊರತೆಗೂ ಕಬ್ಬಿಣಾಂಶಕ್ಕೂ ಕೊಂಡಿಯಾಗಿರುವುದು ಯಕೃತ್ತಿನಲ್ಲಿ ಹುಟ್ಟುವ ಹೆಪ್ಸಿಡಿನ್ ಎಂಬ ಹಾರ್ಮೋನು. ಕರುಳಿನಿಂದ ರಕ್ತಕ್ಕೆ ಕಬ್ಬಿಣಾಂಶ ದಾಟುವ ಬಾಗಿಲಿಗೆ ಅದು ಚಿಲಕವಿದ್ದಂತೆ; ಅದು ಏರಿದಷ್ಟೂ ಬಾಗಿಲು ಮುಚ್ಚಿಕೊಳ್ಳುತ್ತದೆ. ಕಠಿಣ ವ್ಯಾಯಾಮ ಮುಗಿದ 3ರಿಂದ 6 ಗಂಟೆಗಳ ನಡುವೆ ಅದರ ಮಟ್ಟ ಏರುತ್ತದೆ. ಸಾಲದ ಊಟ, ಅದರಲ್ಲೂ ಕಾರ್ಬೋಹೈಡ್ರೇಟಿನ ಕೊರತೆ, ಆ ಏರಿಕೆಯನ್ನು ಇನ್ನಷ್ಟು ಹೆಚ್ಚಿಸಬಲ್ಲದು. ತೂಕ ಇಳಿಸುತ್ತಲೇ ಮಾತ್ರೆ ನುಂಗುವವರಲ್ಲಿ ಫೆರಿಟಿನ್ ಏಕೆ ಅಲುಗಾಡುವುದಿಲ್ಲ ಎಂಬುದಕ್ಕೆ ನನಗೆ ತೋರಿರುವ ಮುಖ್ಯ ಕಾರಣ ಇದೇ.

ಮಧ್ಯಮ ದೂರದ ಓಟಗಾರ್ತಿಯೊಬ್ಬರ ವಿಷಯದಲ್ಲಿ ಇದನ್ನು ಹತ್ತಿರದಿಂದ ಕಂಡೆ. ತಿಂಗಳುಗಟ್ಟಲೆ ಮಾತ್ರೆ ತಪ್ಪಿಸದಿದ್ದರೂ ಅವರ ಫೆರಿಟಿನ್ 20ರ ಆಸುಪಾಸಿನಲ್ಲೇ ನಿಂತಿತ್ತು. ಎಂಟು ಕಡೆಯ ಮಡಿಕೆಗಳ ಮೊತ್ತ ಪ್ರತಿ ಅಳತೆಗೂ ಇಳಿಯುತ್ತಿತ್ತು, ಮುಟ್ಟು ನಿಂತಿತ್ತು. ಮುಟ್ಟಿನ ರಕ್ತಸ್ರಾವವೇ ಇಲ್ಲದಿರುವಾಗ ಕಬ್ಬಿಣಾಂಶ ಉಳಿಯಬೇಕಿತ್ತಲ್ಲವೇ? ಮಾತ್ರೆಯೂ ಒಳಗೆ ಹೋಗುತ್ತಿತ್ತು. ಹಾಗಿದ್ದೂ ದಾಸ್ತಾನು ಏರದಿರುವಾಗ ನನ್ನ ಅನುಮಾನ ಹೀರಿಕೆಯ ಕಡೆಗೆ ತಿರುಗಿತು. ಕರುಳಿನ ಕಾಯಿಲೆ ಇಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ ಊಟದ ದಾಖಲೆ ಬರೆಸಿದೆ. "ಹೊಟ್ಟೆ ತುಂಬಾ ತಿನ್ನುತ್ತೇನೆ ಮೇಡಂ" ಎಂದು ಅವರು ಹೇಳಿದ್ದು ನಿಜವೇ ಆಗಿತ್ತು. ಆದರೆ ತಟ್ಟೆಯಲ್ಲಿದ್ದದ್ದು ನಾರಿನಂಶ ಹೆಚ್ಚಿರುವ, ಬೇಗ ಹೊಟ್ಟೆ ತುಂಬಿಸುವ, ಶಕ್ತಿ ಕಡಿಮೆಯಿರುವ ತರಕಾರಿಗಳೇ. ಮಾತ್ರೆಯ ಪ್ರಮಾಣವನ್ನು ಬದಲಿಸದೆ, ಓಟದ ಮೊದಲೂ ನಂತರವೂ ಕಾರ್ಬೋಹೈಡ್ರೇಟ್ ಹೆಚ್ಚಿಸಿದೆವು. ಮುಂದಿನ ಅಳತೆಗಳಲ್ಲಿ ಮಡಿಕೆಗಳ ಮೊತ್ತ ಸ್ವಲ್ಪ ಏರಿದಾಗ ತರಬೇತುದಾರರು ಮುಖ ಗಂಟಿಕ್ಕಿದರು. ಅದೇ ಹಾಳೆಯಲ್ಲಿ ಫೆರಿಟಿನ್ 35ನ್ನು ದಾಟಿದ್ದನ್ನು ತೋರಿಸಿದ ಮೇಲೆ ಸುಮ್ಮನಾದರು. ಮುಟ್ಟು ಮರಳಿದಾಗ ಕಬ್ಬಿಣಾಂಶದ ನಷ್ಟವೂ ಮರಳುವುದರಿಂದ, ಆ ಹಂತದಲ್ಲಿ ಮಾತ್ರೆ ನಿಲ್ಲಿಸುವ ಆತುರವನ್ನು ನಾವು ತೋರಲಿಲ್ಲ.

ತರಬೇತುದಾರರ ಆತಂಕದ ಹಿಂದೆ ಒಂದು ಲೆಕ್ಕವಿದೆ. ಆಮ್ಲಜನಕ ಬಳಕೆಯ ಗರಿಷ್ಠ ಸಾಮರ್ಥ್ಯವನ್ನು ಪ್ರತಿ ಕಿಲೋ ತೂಕಕ್ಕೆ ಭಾಗಿಸಿ ಹೇಳುವುದು ವಾಡಿಕೆ. ಹಾಗಾಗಿ ತೂಕ ಇಳಿದರೆ ಸಾಮರ್ಥ್ಯ ಹೆಚ್ಚದಿದ್ದರೂ ಅಂಕಿ ಏರುತ್ತದೆ. ಆದರೆ ದೇಹದಲ್ಲಿರುವ ಹಿಮೋಗ್ಲೋಬಿನ್ನಿನ ಒಟ್ಟು ರಾಶಿಗೆ ನಿಕಟ ಸಂಬಂಧವಿರುವುದು ಕೊಬ್ಬುರಹಿತ ತೂಕದೊಂದಿಗೆ. ಸ್ನಾಯುವನ್ನೂ ಕರಗಿಸುವಂಥ ಉಪವಾಸದಿಂದ ಸಿಗುವ ಲಾಭ ಬಹುಮಟ್ಟಿಗೆ ಕಾಗದದ ಮೇಲಿನದು.

ಮಾತ್ರೆಯ ಹೊತ್ತಿಗೂ ಬೆಲೆಯಿದೆ. ಹೆಪ್ಸಿಡಿನ್ ಬೆಳಿಗ್ಗೆ ಕಡಿಮೆಯಿರುವುದರಿಂದ ಬೆಳಗಿನ ಅಭ್ಯಾಸಕ್ಕೆ ಮೊದಲು, ಇಲ್ಲವೇ ಮುಗಿದ ಅರ್ಧ ಗಂಟೆಯೊಳಗೆ, ಸಿ ಜೀವಸತ್ವವಿರುವ ಹಣ್ಣಿನೊಂದಿಗೆ ತೆಗೆದುಕೊಳ್ಳಲು ಹೇಳುತ್ತೇನೆ; ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಗಳನ್ನು ಆ ಹೊತ್ತಿನಿಂದ ದೂರವಿಡಿಸುತ್ತೇನೆ. ಹೊಟ್ಟೆ ಕೆಡುವವರಿಗೆ ವೈದ್ಯರ ಒಪ್ಪಿಗೆಯೊಂದಿಗೆ ದಿನ ಬಿಟ್ಟು ದಿನ. ಒಂದು ಮಾತ್ರೆಯೂ ಹೆಪ್ಸಿಡಿನ್ನನ್ನು ಸುಮಾರು ಒಂದು ದಿನದ ಮಟ್ಟಿಗೆ ಏರಿಸುವುದರಿಂದ ಈ ಕ್ರಮದಲ್ಲಿ ಪ್ರತಿ ಮಾತ್ರೆಯಿಂದ ಹೀರಲ್ಪಡುವ ಪಾಲು ಹೆಚ್ಚು.

ಎಸೆತಗಾರರು, ಭಾರೀ ತೂಕದ ಕುಸ್ತಿಪಟುಗಳಲ್ಲಿ ಚಿತ್ರ ತಿರುವುಮುರುವಾಗುತ್ತದೆ. ಕೊಬ್ಬು ಹೆಚ್ಚಿರುವ ದೇಹದಲ್ಲಿ ಸಣ್ಣ ಮಟ್ಟದ ಉರಿಯೂತ ಸದಾ ಇರಬಹುದಾದ್ದರಿಂದ ಫೆರಿಟಿನ್ ಸಾಕಷ್ಟಿರುವಂತೆ ಕಂಡರೂ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಕೆಳಗಿರಬಹುದು. ಇವರ ವರದಿಯಲ್ಲಿ ನಾನು ಮೊದಲು ನೋಡುವುದೇ ಆ ಎರಡನೆಯ ಅಂಕಿಯನ್ನು.

ಮಾತ್ರೆ ಆರಂಭಿಸಿದ 8ರಿಂದ 12 ವಾರಗಳ ನಂತರ ಮರುಪರೀಕ್ಷೆ. ಅದಕ್ಕಿಂತ ಮುಂಚೆ ಫೆರಿಟಿನ್ ನೋಡಿ ಹಿಗ್ಗುವುದರಲ್ಲಿ, ಕುಗ್ಗುವುದರಲ್ಲಿ ಅರ್ಥವಿಲ್ಲ. ರಕ್ತಪರೀಕ್ಷೆ ಇಲ್ಲದೆ ಯಾರಿಗೂ ಮಾತ್ರೆ ಸೂಚಿಸುವುದಿಲ್ಲ. ಸುಸ್ತೆಂದು ತಾವಾಗಿಯೇ ನುಂಗುವ ಪುರುಷರನ್ನಂತೂ ಮೊದಲು ತಡೆಯುತ್ತೇನೆ. ಹೆಚ್ಚಾದ ಕಬ್ಬಿಣಾಂಶವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ, ಅದನ್ನು ಮಿತಿಮೀರಿ ಹೀರಿಕೊಳ್ಳುವ ಆನುವಂಶಿಕ ತೊಂದರೆ ಕೆಲವರಲ್ಲಿರುತ್ತದೆ. ಸ್ಯಾಚುರೇಶನ್ ಶೇಕಡ 45ನ್ನು ಮೀರಿದವರ ಮಾತ್ರೆಯನ್ನೂ ಕಬ್ಬಿಣಾಂಶ ಬೆರೆಸಿದ ಪುಡಿಗಳನ್ನೂ ಅಂದೇ ನಿಲ್ಲಿಸಿಸಿ, ವರದಿಯ ಸಮೇತ ವೈದ್ಯರ ಬಳಿಗೆ ಕಳಿಸುತ್ತೇನೆ.