ಕುಂದಾದ್ರಿಯ ದೊಣೆ ಕಲಿಸಿದ್ದು

ನಮ್ಮ ತೀರ್ಥಹಳ್ಳಿ ಕಡೆ ಬೆಟ್ಟಗಳಿಗೆ ಬರವಿಲ್ಲ. ಆದರೂ ನಾನು ತೆಗೆದ ಬೆಟ್ಟದ ಫೋಟೋ ಒಂದೂ ಕಣ್ಣಿಗೆ ಕಂಡ ಹಾಗೆ ಬರುತ್ತಿರಲಿಲ್ಲ. ಎದುರಿಗೆ ಅಷ್ಟೆತ್ತರ ನಿಂತ ಘಟ್ಟ ಫೋಟೋದಲ್ಲಿ ಒಂದು ತೆಳು ಗೆರೆ, ಅಷ್ಟೇ. ನನ್ನ ಹತ್ತಿರ ಇರುವುದು ಕ್ಯಾಮೆರಾ ಜೊತೆಗೇ ಬಂದ 18-55 ಎಂಎಂ ಲೆನ್ಸ್. ಅದರ ಅತಿ ಅಗಲದ ನೋಟ 18ರಲ್ಲಿ ಇಟ್ಟರೆ ಎಲ್ಲಾ ಒಳಗೆ ಬರುತ್ತದೆ ನಿಜ, ಆದರೆ ದೂರದ್ದು ಪುಟ್ಟದಾಗಿ ಹಿಂದೆ ಸರಿಯುತ್ತದೆ, ಹತ್ತಿರದ್ದು ದೊಡ್ಡದಾಗುತ್ತದೆ. ಹತ್ತಿರ ಏನೂ ಇಲ್ಲದಿದ್ದರೆ ಅರ್ಧ ಫ್ರೇಮು ದಂಡ.

ಇದು ತಲೆಗೆ ಹೋಗಿದ್ದು ಕುಂದಾದ್ರಿಯಲ್ಲಿ, ಮಳೆಗಾಲ ಮುಗಿದ ಮೇಲಿನ ಒಂದು ನಸುಕಿನಲ್ಲಿ. ಪಾರ್ಶ್ವನಾಥ ಬಸದಿಯಿಂದ ಸ್ವಲ್ಪ ಆಚೆ, ಬಂಡೆಯ ಮೇಲೆ ಹರಿವಾಣದಷ್ಟು ಅಗಲದ ಒಂದು ದೊಣೆ, ಅಂದರೆ ನೀರು ನಿಂತ ಕಲ್ಲುಗುಳಿ, ಇತ್ತು. ನಿಂತು ನೋಡಿದರೆ ಬೂದು ನೀರು. ಬ್ಯಾಗ್ ಇಡಲು ಕೂತೆ ನೋಡಿ, ಅದೇ ನೀರಿನಲ್ಲಿ ಮೂಡಣದ ಕೆಂಪೆಲ್ಲ ತುಂಬಿಕೊಂಡಿತ್ತು! ತಗ್ಗಿದಷ್ಟೂ ನೀರು ಬಾನಂಚಿನ ಬಣ್ಣವನ್ನೇ ಹಿಡಿಯುತ್ತದೆ, ಅಲ್ವಾ.

ಟ್ರೈಪಾಡ್ ಪೂರ್ತಿ ತಗ್ಗಿಸಿದೆ. ಅದು ಜಾಸ್ತಿಯಾಯಿತು. ದೊಣೆ ಗೆರೆಯಾಗಿ ಬಂಡೆಯ ಅಂಚು ಕಣಿವೆಯ ಮಂಜನ್ನೇ ಮುಚ್ಚಿತು. ಒಂದು ಗೇಣು ಮೇಲೆತ್ತಿದ ಮೇಲೆ ದೊಣೆ, ಮಂಜು, ಬೆಟ್ಟಸಾಲು ಮೂರೂ ಬೇರೆ ಬೇರೆ ಕಂಡವು. ಆಮೇಲೆ ಎರಡು ಹೆಜ್ಜೆ ಎಡಕ್ಕೆ ಹೋದೆ, ಯಾಕೆಂದರೆ ಬಂಡೆಯಲ್ಲಿದ್ದ ಒಂದು ಬಿರುಕು ಅಲ್ಲಿಂದ ನೋಡಿದರೆ ನೆಟ್ಟಗೆ ಬೆಟ್ಟದ ಕಡೆಗೇ ಹೋಗುತ್ತಿತ್ತು, ಕಣ್ಣು ತಾನಾಗಿ ಅದರ ಹಿಂದೆ ನಡೆಯುತ್ತಿತ್ತು. ಮುನ್ನೆಲೆ ಅಂದರೆ ಎದುರಿಗೆ ಏನೋ ಒಂದು ಇಡುವುದಲ್ಲ, ಅದು ಹಿಂದಿನದಕ್ಕೆ ದಾರಿ ಮಾಡಿಕೊಡಬೇಕು ಅಂತ ನನಗೆ ತಿಳಿದದ್ದು ಆವತ್ತೇ.

ಫೋಕಸ್ ಮೊದಲು ಬೆಟ್ಟದ ಮೇಲೆ ಇಟ್ಟಿದ್ದೆ, ದೊಣೆಯ ಅಂಚು ಮಸುಕಾಯಿತು. ಈಗ ನನ್ನ ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾದಲ್ಲಿ 18 ಎಂಎಂ, ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್/11 ಇಟ್ಟು ಸುಮಾರು ಒಂದೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡುತ್ತೇನೆ. ಮುಕ್ಕಾಲು ಮೀಟರಿನಿಂದ ಹಿಡಿದು ದೂರದ ಬೆಟ್ಟದವರೆಗೆ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ.

ಕೊಡಚಾದ್ರಿಯಲ್ಲಿ ಇದೇ ಲೆಕ್ಕ ಕೈಕೊಟ್ಟಿತು. ಅಲ್ಲಿ ಮುಂದೆ ಇಟ್ಟದ್ದು ಹುಲ್ಲು. ನಸುಕಿಗೆ ಶಟರ್ ಅರ್ಧ ಸೆಕೆಂಡ್, ಗಾಳಿ ನಿಲ್ಲಲೇ ಇಲ್ಲ, ಹುಲ್ಲೆಲ್ಲ ಕಲಸಿಹೋಯಿತು. ಈಗ ಹುಲ್ಲಿದ್ದರೆ ಐಎಸ್‌ಒ 1600ಕ್ಕೆ ಏರಿಸಿ, ಅಂದರೆ ಕ್ಯಾಮೆರಾ ಕಡಿಮೆ ಬೆಳಕನ್ನೂ ಹಿಡಿಯುವಂತೆ ಮಾಡಿ, ಶಟರ್ ಬೇಗ ಮುಚ್ಚುವಂತೆ ಇಟ್ಟು, ಗಾಳಿ ತಗ್ಗುವವರೆಗೆ ಕಾಯುತ್ತೇನೆ.

ನನಗೆ ಈಗ ಎಲ್ಲಕ್ಕಿಂತ ಇಷ್ಟದ ಜಾಗ ಲಿಂಗನಮಕ್ಕಿ ಹಿನ್ನೀರು. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಮರಗಳ ಬೊಡ್ಡೆಗಳು ಮೇಲೆದ್ದು ನಿಲ್ಲುತ್ತವೆ. ಅಣೆಕಟ್ಟು ಕಟ್ಟುವ ಮೊದಲು ಅದು ಕಾಡು, ಊರು, ಗದ್ದೆ. ಆ ಬೊಡ್ಡೆ ಮುಂದೆ ನಿಂತರೆ ಹಿಂದಿನ ನೀರಿನ ಅರ್ಥವೇ ಬದಲಾಗುತ್ತದೆ. ಅದಕ್ಕೇ ಅಲ್ಲಿ ಕಲ್ಲು, ಹೂವು ಏನನ್ನೂ ಎತ್ತಿ ತಂದಿಡುವುದಿಲ್ಲ, ಅಲ್ಲೇ ಇರುವುದನ್ನು ಹುಡುಕುತ್ತೇನೆ. ಒಂದೇ ಎಚ್ಚರ, ಬೊಡ್ಡೆಯ ತುದಿ ಆಚೆ ದಡದ ಗೆರೆಗೆ ತಾಗಬಾರದು, ತಾಗಿದರೆ ಎರಡೂ ಅಂಟಿಕೊಂಡು ಕಾಣುತ್ತವೆ.

ಹೋದ ಸಲ ಕವಲೊಡೆದ ಒಂದು ಬೊಡ್ಡೆ ನೋಡಿಟ್ಟಿದ್ದೇನೆ. ಆಗ ಕವಲು ಮಾತ್ರ ಮೇಲಿತ್ತು. ನೀರು ಇನ್ನೊಂದು ಆಳೆತ್ತರ ಇಳಿದರೆ ಬುಡವೂ ಕಾಣುತ್ತದೆ, ಮೇ ತಿಂಗಳಲ್ಲಿ ಮತ್ತೆ ಹೋಗಬೇಕು.