ಮಧ್ಯಾಹ್ನ ಒಂದೂವರೆಗೆ ಬಸ್ ಯಾಕೆ ಬರುತ್ತಿರಲಿಲ್ಲ: ರಾಯಚೂರು ಸಿಟಿ ಬಸ್ ಜೊತೆ ನನ್ನ ಅನುಭವ

ಸಿಟಿ ಬಸ್ ಸುಧಾರಿಸಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ಹೊಸ ಬಸ್. ಕೇಳಬೇಕಾದ್ದೇ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಮಾನದಂಡದ ಪ್ರಕಾರ ಸಾವಿರ ಜನಕ್ಕೆ 0.6 ಬಸ್ ಇದ್ದರೆ ಒಳ್ಳೆಯ ಸೇವೆ. ರಾಯಚೂರಿನ ಜನಸಂಖ್ಯೆ 2011ರ ಜನಗಣತಿಯಲ್ಲೇ ಸುಮಾರು 2.34 ಲಕ್ಷ. ಅಂದರೆ ಆಗಿನ ಲೆಕ್ಕಕ್ಕೇ 140 ಬಸ್ ಬೇಕಿತ್ತು. ಅಷ್ಟು ಬಸ್ ನಾನಂತೂ ನೋಡಲಿಲ್ಲ. ನಾನು ಡಿಪೊದ ಸಂಚಾರ ಶಾಖೆಯಲ್ಲಿ ಶೆಡ್ಯೂಲ್ ಬರೆಯುತ್ತಿದ್ದವನು. ಹೊಸ ಬಸ್ ತರಿಸುವ ಅಧಿಕಾರ ನನಗಿರಲಿಲ್ಲ. ಇರುವ ಬಸ್ ಯಾವ ಹೊತ್ತಿಗೆ ಎಲ್ಲಿರಬೇಕು ಅನ್ನುವುದು ಮಾತ್ರ ನನ್ನ ಕೆಲಸ. ಅದರಲ್ಲೇ ಎಷ್ಟು ಮಾಡಬಹುದು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ರೈಲ್ವೆ ಸ್ಟೇಷನ್‌ನಿಂದ ಬಸ್ ನಿಲ್ದಾಣ, ಗಂಜ್ (ಕೃಷಿ ಮಾರುಕಟ್ಟೆ), ರಿಮ್ಸ್ ಆಸ್ಪತ್ರೆ, ಹಾಗೇ ಹೈದರಾಬಾದ್ ರಸ್ತೆ ಹಿಡಿದು ಯರಮರಸ್. ಈ ಸಾಲಿನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೂ ಜನ ಇರುತ್ತಾರೆ. ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯಿಂದ ಆಸ್ಪತ್ರೆಗೆ ಬರುವವರು ಬಸ್ ನಿಲ್ದಾಣದಲ್ಲಿ ಇಳಿದು ಮತ್ತೆ ಇಲ್ಲಿ ಬಸ್ ಹತ್ತಬೇಕು. ಗಂಜ್‌ಗೆ ಕೂಲಿಗೆ ಬರುವ ಹೆಣ್ಣುಮಕ್ಕಳೂ ಇದೇ ದಾರಿ. ಆದರೂ ದೂರು ಮಾತ್ರ ಯಾವಾಗಲೂ ಒಂದೇ: ಮಧ್ಯಾಹ್ನ ಬಸ್ಸೇ ಇರಲ್ಲ.

ಕಾಗದ ತೆಗೆದು ನೋಡಿದರೆ ಬಸ್ ಇತ್ತು. ಫಾರಂ-4ರಲ್ಲಿ, ಅಂದರೆ ಯಾವ ಬಸ್ ಎಷ್ಟು ಹೊತ್ತಿಗೆ ಎಲ್ಲಿಗೆ ಅಂತ ಬರೆದ ಹಾಳೆಯಲ್ಲಿ, ಟ್ರಿಪ್‌ಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಒಂದು ಗಂಟೆಯಿಂದ ಎರಡೂವರೆ ನಡುವೆ ಒಂದೊಂದೇ ಬಸ್ ಡಿಪೊಗೆ ತಿರುಗುತ್ತಿತ್ತು. ಬೆಳಗಿನ ಡ್ಯೂಟಿಯವರು ಇಳಿಯಬೇಕು, ಕಂಡಕ್ಟರ್ ಹಣ ಕಟ್ಟಿ ಟಿಕೆಟ್ ಮೆಷಿನ್ ಒಪ್ಪಿಸಬೇಕು, ಡೀಸೆಲ್ ಹಾಕಿಸಬೇಕು, ಮಧ್ಯಾಹ್ನದ ಡ್ಯೂಟಿಯವರು ಹತ್ತಬೇಕು. ಡಿಪೊಗೆ ಇದು ಅನುಕೂಲ. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಬೆಳಗ್ಗೆ ಚೀಟಿ ಮಾಡಿಸಿದವರು ಔಷಧಿ ಹಿಡಿದು ಹೊರಗೆ ಬರುತ್ತಾರೆ. ಬೆಳಗಿನ ಕಾಲೇಜು ಬಿಡುತ್ತದೆ. ನಮ್ಮ ಊರಿನ ಬಿಸಿಲು ಗೊತ್ತಲ್ವಾ? ಆ ಬಿಸಿಲಿನಲ್ಲಿ ನಿಂತವರು ಟಂಟಂ (ಶೇರ್ ಆಟೋ) ಹತ್ತದೆ ಏನು ಮಾಡಬೇಕು?

ಮೆಷಿನ್‌ನ ಲೆಕ್ಕ ನೋಡಿ ಇದು ಗೊತ್ತಾಗುವುದಿಲ್ಲ. ಹತ್ತಿದವರ ಲೆಕ್ಕ ಅದರಲ್ಲಿದೆ, ಕಾದು ಕಾದು ಹೋದವರದ್ದು ಇಲ್ಲ. ಮಧ್ಯಾಹ್ನ ಟಿಕೆಟ್ ಕಡಿಮೆ ಇದೆ ಅಂತ ಕಂಡರೆ ಜನರೇ ಇಲ್ಲ ಅಂದುಕೊಂಡು ಆ ಹೊತ್ತಿನ ಟ್ರಿಪ್ ಇನ್ನೂ ಕಡಿಮೆ ಮಾಡುವ ಮಾತು ಬರುತ್ತದೆ. ಹಾಗಾಗಿ ನಾನು ರಿಮ್ಸ್ ಮುಂದೆ ನಿಂತು ಎಣಿಸಲು ಶುರು ಮಾಡಿದೆ. ಬಸ್‌ಗೆ ಎಷ್ಟು ಜನ ಹತ್ತಿದರು, ಟಂಟಂಗೆ ಎಷ್ಟು ಜನ ಹೋದರು, ಯಾವ ಹೊತ್ತಿಗೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಕಿಲ್ಲ. ಒಂದು ನೋಟ್‌ಬುಕ್, ಕೈಯಲ್ಲೊಂದು ಗಡಿಯಾರ ಸಾಕು. ಆ ಎಣಿಕೆಯನ್ನು ಮೇಲಿನವರ ಮುಂದೆ ಇಟ್ಟ ಮೇಲೆಯೇ ಮಾತು ಮುಂದೆ ಹೋದದ್ದು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ಉಪಯೋಗ ಆಯಿತು, ಇದನ್ನು ಹೆಚ್ಚು ಜನ ಗಮನಿಸಿಲ್ಲ. ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದರೂ ಶೂನ್ಯ ಟಿಕೆಟ್ ಕೊಡಲೇಬೇಕು, ಅದರಲ್ಲಿ ಎಲ್ಲಿಂದ ಎಲ್ಲಿಗೆ ಅಂತ ಇರುತ್ತದೆ. ಹಿಂದೆ ಕಾಲೇಜು ಹುಡುಗಿಯರು ಪಾಸ್ ತೋರಿಸಿ ಹತ್ತಿದರೆ ಅವರು ಯಾವ ಸ್ಟಾಪಿನವರು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಬೆಳಗ್ಗೆ ಯಾವ ಸ್ಟಾಪಿನಿಂದ ಎಷ್ಟು ಜನ ಗಂಜ್‌ಗೆ ಹೋಗುತ್ತಾರೆ, ಸಂಜೆ ಎಷ್ಟು ಹೊತ್ತಿಗೆ ವಾಪಸ್ ಬರುತ್ತಾರೆ ಅನ್ನುವುದು ಮೆಷಿನ್‌ನಲ್ಲೇ ಸಿಗುತ್ತದೆ. ಈ ಲೆಕ್ಕವನ್ನು ಸರ್ಕಾರದಿಂದ ಹಣ ಕೇಳುವುದಕ್ಕೆ ಮಾತ್ರ ಬಳಸಿ ಸುಮ್ನೆ ಬಿಡಬಾರದು. ಟೈಮ್ ಟೇಬಲ್ ಬರೆಯಲು ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ.

ಈಗ ಮಾಡಿದ್ದೇನು ಅಂತ ಹೇಳುತ್ತೇನೆ. ಒಂದು ಸಾಲಿನಲ್ಲಿ ಹೋಗಿ ಬರಲು ಒಂದು ಗಂಟೆ ಬೇಕು, ನಾಲ್ಕು ಬಸ್ ಇವೆ ಅಂತ ಇಟ್ಟುಕೊಳ್ಳಿ. ಸರಿಯಾಗಿ ಹಂಚಿದರೆ 15 ನಿಮಿಷಕ್ಕೊಂದು ಬಸ್. ಯಾವಾಗ ಬಂದು ನಿಂತರೂ ಸರಾಸರಿ ಏಳೆಂಟು ನಿಮಿಷ ಕಾದರೆ ಸಾಕು. ಅದೇ ನಾಲ್ಕು ಬಸ್ ಎರಡೆರಡು ಒಟ್ಟೊಟ್ಟಿಗೆ ಬಂದರೆ ಅರ್ಧ ಗಂಟೆಗೊಮ್ಮೆ ಬಂದ ಹಾಗೆ, ಕಾಯುವುದು 15 ನಿಮಿಷ. ಡೀಸೆಲ್ ಅಷ್ಟೇ, ಡ್ರೈವರ್ ಸಂಬಳ ಅಷ್ಟೇ, ಜನ ಕಾಯುವುದು ಮಾತ್ರ ಎರಡು ಪಟ್ಟು. ಹಾಗಾಗಿ ಮೊದಲು ನಿಲ್ದಾಣದಲ್ಲಿ ಬಸ್ ತುಂಬುವವರೆಗೂ ನಿಲ್ಲಿಸುವ ರೂಢಿ ಬಿಡಿಸಿ, ಖಾಲಿ ಇದ್ದರೂ ಟೈಮ್‌ಗೆ ಬಿಡಬೇಕು ಅಂತ ಕಂಟ್ರೋಲರ್‌ಗಳಿಗೆ ಹೇಳಿಸಿದ್ದಾಯಿತು. ಕಂಡಕ್ಟರ್‌ಗಳಿಗೆ ಇದು ಇಷ್ಟವಾಗಲಿಲ್ಲ, ಕಲೆಕ್ಷನ್ ಕಡಿಮೆಯಾದರೆ ಕೇಳುವುದು ಅವರನ್ನೇ ಅಲ್ವಾ. ಆ ಹೊತ್ತಿನ ಕಲೆಕ್ಷನ್‌ಗೆ ಅವರನ್ನು ಹೊಣೆ ಮಾಡುವುದಿಲ್ಲ ಅಂತ ಮಾತು ಕೊಡಿಸಿದ ಮೇಲೆ ಒಪ್ಪಿದರು.

ಆಮೇಲೆ ಮಧ್ಯಾಹ್ನದ ಡ್ಯೂಟಿ ಬದಲಾವಣೆ. ಇದು ಕಷ್ಟದ ಕೆಲಸ. ಆಗ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲಿತ್ತು, ದಿನಕ್ಕೆ ಎಂಟು ಗಂಟೆ ಮೀರಬಾರದು, ಐದು ಗಂಟೆ ಕೆಲಸವಾದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು. ಇದರಲ್ಲಿ ರಾಜಿ ಇಲ್ಲ, ಇರಲೂ ಬಾರದು. ಹಾಗಾಗಿ ಬಸ್‌ಗಳನ್ನು ಎರಡು ಗುಂಪು ಮಾಡಿದೆವು. ಬೆಳಗ್ಗೆ ಐದೂವರೆಗೆ ಹೊರಡುವವರು ಹನ್ನೆರಡರ ಸುಮಾರಿಗೆ ಬದಲಾಗುತ್ತಾರೆ. ಏಳಕ್ಕೆ ಹೊರಡುವವರು ಮೂರರ ಹೊತ್ತಿಗೆ. ನಡುವಿನ ಆ ಜನ ಜಾಸ್ತಿ ಇರುವ ಹೊತ್ತಿನಲ್ಲಿ ಒಂದು ಬಸ್ಸೂ ರಸ್ತೆ ಬಿಡುವುದಿಲ್ಲ. ಬದಲಾವಣೆ ಕೂಡ ಡಿಪೊದಲ್ಲಿ ಅಲ್ಲ, ಬಸ್ ನಿಲ್ದಾಣದಲ್ಲೇ. ಹೊಸ ಕಂಡಕ್ಟರ್ ತನ್ನದೇ ಮೆಷಿನ್, ವೇ ಬಿಲ್ (ಟಿಕೆಟ್ ಲೆಕ್ಕದ ಹಾಳೆ) ಹಿಡಿದು ಬರುತ್ತಾರೆ. ಇಳಿದವರು ಡಿಪೊಗೆ ಹೋಗಿ ಹಣ ಕಟ್ಟುತ್ತಾರೆ.

ಡ್ರೈವರ್‌ಗಳಿಂದ ಬಂದ ತಕರಾರು ಬೇರೆ. ಯಾರು ಎಷ್ಟು ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಓಡಿಸಿದರು ಅನ್ನುವ ಲೆಕ್ಕ ಪ್ರತಿಯೊಬ್ಬರ ಹೆಸರಿನಲ್ಲೂ ಇರುತ್ತದೆ. ಡಿಪೊಗೆ ಬಂದು ಡೀಸೆಲ್ ಹಾಕಿಸದೆ ಬಸ್ ಕೈ ಬದಲಾದರೆ ಆ ಲೆಕ್ಕ ಬೇರೆ ಮಾಡುವುದು ಹೇಗೆ? ಬಸ್‌ಗೆ ತರಚು ಬಿದ್ದರೆ ಹೊಣೆ ಯಾರು? ನ್ಯಾಯವಾದ ಪ್ರಶ್ನೆಗಳು. ಮೈಲೇಜನ್ನು ಇಬ್ಬರ ಹೆಸರಿನಲ್ಲೂ ಒಟ್ಟಾಗಿ ಬರೆಯುವುದು, ನಿಲ್ದಾಣದಲ್ಲಿ ಇಬ್ಬರೂ ಬಸ್ ಸುತ್ತ ಒಮ್ಮೆ ನೋಡಿ ಲಾಗ್‌ಶೀಟ್‌ಗೆ ಸಹಿ ಹಾಕುವುದು ಅಂತ ತೀರ್ಮಾನವಾಯಿತು. ಒಬ್ಬ ಹಿರಿಯ ಡ್ರೈವರ್ ಮುಂದೆ ಬಂದು ‘ನಾ ಮಾಡ್ತೀನ್ರಿ ಸರ, ಉಳಿದವ್ರು ನೋಡಿ ಬರ್ತಾರ’ ಅಂದರು. ಅವರು ಒಪ್ಪದಿದ್ದರೆ ಈ ಕೆಲಸ ಫೈಲಿನಲ್ಲೇ ಇರುತ್ತಿತ್ತು.

ಸ್ಟಾಪ್‌ಗಳಲ್ಲಿ ಟೈಮ್ ಬರೆಸಿದೆವು. ಫ್ಲೆಕ್ಸ್ ಬೇಡ, ನಮ್ಮ ಬಿಸಿಲಿಗೆ ಅಕ್ಷರ ಬೇಗ ಮಾಸುತ್ತದೆ. ತಗಡಿನ ಮೇಲೆ ಪೇಂಟ್ ಮಾಡಿಸುವುದೇ ವಾಸಿ.

ಬೇಸಿಗೆಗೆ ಬೇರೆಯೇ ಟೈಮ್ ಟೇಬಲ್ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಕಚೇರಿಯ ಸಮಯ ಬದಲಾಗಿ ಬಸ್ಸಿನ ಸಮಯ ಹಳೆಯದೇ ಇದ್ದರೆ ಬೆಳಗ್ಗೆ ಒಂಬತ್ತೂವರೆಗೆ ಖಾಲಿ ಬಸ್ ಓಡುತ್ತದೆ, ಒಂದೂವರೆಗೆ ಜನ ಬಾಗಿಲಲ್ಲಿ ನೇತಾಡುತ್ತಾರೆ. ಮಾರ್ಚ್ ಕೊನೆಯಲ್ಲೇ ಬೇಸಿಗೆಯ ಫಾರಂ-4 ಸಿದ್ಧ ಇಡುವುದನ್ನು ರೂಢಿ ಮಾಡಿದೆವು.

ಫಲ ಬಂತಾ ಅಂದರೆ, ರಿಮ್ಸ್ ಮುಂದೆ ಮತ್ತೆ ನಿಂತು ಎಣಿಸಿದಾಗ ಮಧ್ಯಾಹ್ನ ಬಸ್‌ಗೆ ಹತ್ತುವವರು ಕಣ್ಣಿಗೆ ಕಾಣುವಷ್ಟು ಜಾಸ್ತಿ ಇದ್ದರು. ಆಗದೆ ಉಳಿದದ್ದು ರಾತ್ರಿಯ ಸ್ಟೇಷನ್ ಬಸ್. ಮುಂಬೈ, ಚೆನ್ನೈ ಕಡೆಯ ರೈಲುಗಳು ರಾತ್ರಿಯೂ ಬರುತ್ತವೆ, ಹತ್ತರ ನಂತರ ಇಳಿದವರಿಗೆ ಆಟೋದವರು ಕೇಳಿದ್ದೇ ರೇಟು. ರಾತ್ರಿ ಡ್ಯೂಟಿಗೆ ಒಂದು ಕ್ರೂ (ಡ್ರೈವರ್, ಕಂಡಕ್ಟರ್ ಜೋಡಿ) ಹೆಚ್ಚು ಬೇಕು, ಅದನ್ನು ನನ್ನ ಕಾಲದಲ್ಲಿ ಮಂಜೂರು ಮಾಡಿಸಲು ಆಗಲಿಲ್ಲ. ಕೊಪ್ಪಳ, ಬಳ್ಳಾರಿ ಕಡೆ ಯಾರಾದರೂ ಇಂಥದ್ದಕ್ಕೆ ಅರ್ಜಿ ಬರೆಯುವುದಿದ್ದರೆ ‘ಬಸ್ ಬಿಡಿ’ ಅಂತಷ್ಟೇ ಬರೆಯಬೇಡಿ. ಯಾವ ಸ್ಟಾಪ್, ಎಷ್ಟು ಗಂಟೆಗೆ, ಎಷ್ಟು ಜನ ಕಾದು ಆಟೋ ಹತ್ತಿದರು ಅಂತ ಒಂದು ವಾರ ಎಣಿಸಿ, ಆ ಹಾಳೆ ಜೊತೆಗಿಟ್ಟು ಕೊಡಿ. ಶೆಡ್ಯೂಲ್ ಬರೆಯುವವರ ಟೇಬಲ್‌ಗೆ ಅಂಥ ಹಾಳೆ ಬರುವುದೇ ಅಪರೂಪ, ಬಂದರೆ ಅದನ್ನು ಹಿಡಿದು ಮೇಲಿನವರ ಹತ್ತಿರ ಹೋಗುವುದು ನಮಗೂ ಸುಲಭ.