ಹತ್ತು ಅವರೆಕಾಳಿನಲ್ಲಿ ನಿಮ್ಮ ಆಯಸ್ಸಿನ ಅಂದಾಜು ಹಾಕುವುದು ಹೇಗೆ?

‘ನನಗೆ ಅರವತ್ತೇಳು ಆಯ್ತು. ಇನ್ನೇನು, ಮೂರು ವರ್ಷ’ ಎನ್ನುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಭಾರತೀಯರ ಸರಾಸರಿ ಆಯಸ್ಸು 70 ಎಂದು ಎಲ್ಲೋ ಓದಿರುತ್ತಾರೆ, ಅದರಲ್ಲಿ ತಮ್ಮ ವಯಸ್ಸನ್ನು ಕಳೆದುಬಿಡುತ್ತಾರೆ. ಈ ಲೆಕ್ಕ ತಪ್ಪು. ತಪ್ಪು ಲೆಕ್ಕವನ್ನೇ ನಂಬಿಕೊಂಡು ಕಣ್ಣಿನ ಪೊರೆಯ ಆಪರೇಷನ್ ಬೇಡ ಎನ್ನುತ್ತಾರೆ, ಇದ್ದ ದುಡ್ಡನ್ನೆಲ್ಲ ಮಕ್ಕಳಿಗೆ ಹಂಚಿ ಕೈ ಖಾಲಿ ಮಾಡಿಕೊಳ್ಳುತ್ತಾರೆ.

ಆ ಸರಾಸರಿ ಈಗ ಹುಟ್ಟಿದ ಕೂಸಿನದು. 2015–19ರ ಸರ್ಕಾರಿ ಅಂಕಿಅಂಶದಲ್ಲಿ ಅದು 69.7 ವರ್ಷ. ಹಸುಗೂಸಾಗಿದ್ದಾಗಲೇ ತೀರಿಕೊಂಡವರು, ಹರೆಯದಲ್ಲಿ ಅಪಘಾತಕ್ಕೆ ಸಿಕ್ಕವರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ಅದನ್ನೆಲ್ಲ ದಾಟಿ 60 ತಲುಪಿದವರ ಲೆಕ್ಕವೇ ಬೇರೆ. ಅದೇ ಅಂಕಿಅಂಶದ ಪ್ರಕಾರ 60 ತುಂಬಿದ ಗಂಡಸು ಸರಾಸರಿ ಇನ್ನೂ 17.5 ವರ್ಷ, ಹೆಂಗಸು 19 ವರ್ಷ ಬದುಕುತ್ತಾರೆ. ಅಂದರೆ 77, 79. ಸಹಸ್ರ ಚಂದ್ರ ದರ್ಶನಕ್ಕೆ ಸ್ವಲ್ಪವೇ ಕಡಿಮೆ, ಅಲ್ವಾ?

ಹಂತ 1: ನಿಜವಾದ ವಯಸ್ಸು ಹುಡುಕಿ

ನಮ್ಮಲ್ಲಿ ಹಳೆಯ ತಲೆಮಾರಿನ ಎಷ್ಟೋ ಜನರ ಜನ್ಮದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ತಾರೀಖು ಅದು. ದಾಖಲೆಯಲ್ಲಿ ಒಂದು, ನಿಜದಲ್ಲಿ ಇನ್ನೊಂದು. ಜನಗಣತಿಯಲ್ಲೂ 60, 65, 70 ಎಂದು ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸು ಹೇಳುವವರೇ ಜಾಸ್ತಿ. ಹಾಗಾಗಿ ಘಟನೆ ಹಿಡಿದು ಎಣಿಸಿ. 1956ರಲ್ಲಿ ರಾಜ್ಯ ಒಂದಾದಾಗ ಹುಟ್ಟಿದ್ದಿರಾ? 1962ರ ಚೀನಾ ಯುದ್ಧ ನೆನಪಿದೆಯಾ? 1964ರಲ್ಲಿ ನೆಹರೂ ತೀರಿಕೊಂಡಾಗ ಯಾವ ಕ್ಲಾಸಿನಲ್ಲಿದ್ದಿರಿ? ಒಂದೆರಡು ವರ್ಷ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ.

ಹಂತ 2: ಕಾಳು ಇಡಿ

‘ಇನ್ನೂ ಎಷ್ಟು ವರ್ಷ ಬದುಕುತ್ತೀರಿ?’ ಎಂದು ನೇರವಾಗಿ ಕೇಳಿದರೆ ‘ಬಿಡ್ತು ಅನ್ನು’ ಎಂದು ಬೈಸಿಕೊಳ್ಳಬೇಕಾಗುತ್ತದೆ. ಇಲ್ಲದಿದ್ದರೆ ‘ಅದು ಮೇಲಿನವನ ಲೆಕ್ಕ’ ಎಂಬ ಉತ್ತರ ಬರುತ್ತದೆ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಹಿರಿಯರ ಸಮೀಕ್ಷೆಯಲ್ಲಿ ‘ಶೇಕಡಾ ಎಷ್ಟು ಸಾಧ್ಯತೆ?’ ಎಂದು ಕೇಳುತ್ತಾರೆ. ಅಲ್ಲೂ ತುಂಬ ಜನ ಸುಮ್ನೆ ‘50’ ಅಂದುಬಿಡುತ್ತಾರೆ. ಶಾಲೆಯ ಮುಖ ನೋಡದವರಿಗೆ ಶೇಕಡಾ ಲೆಕ್ಕ ಇನ್ನೂ ಕಷ್ಟ.

ಇದಕ್ಕೆ ಒಳ್ಳೆಯ ದಾರಿ ಸಿಕ್ಕಿದ್ದು ಆಫ್ರಿಕಾದ ಮಲಾವಿಯ ಹಳ್ಳಿಗಳಲ್ಲಿ. 2006ರಲ್ಲಿ ಸಂಶೋಧಕರು ಜನರ ಮುಂದೆ ತಟ್ಟೆ, ಹತ್ತು ಕಾಳು ಇಟ್ಟರು. ಖಂಡಿತ ಆಗುವುದಿಲ್ಲ ಎನ್ನಿಸಿದರೆ ಒಂದೂ ಇಡಬೇಡಿ, ಖಂಡಿತ ಆಗುತ್ತದೆ ಎನ್ನಿಸಿದರೆ ಹತ್ತೂ ಇಡಿ ಎಂದರು. ಮೊದಲು ಸಾವಿನ ಮಾತೇ ಇಲ್ಲ. ಎರಡು ದಿನದೊಳಗೆ ಸಂತೆಗೆ ಹೋಗುತ್ತೀರಾ? ಎರಡು ವಾರದೊಳಗೆ? ಎರಡನೆಯದಕ್ಕೆ ಕಾಳು ಕಡಿಮೆಯಾಗುವಂತಿಲ್ಲ. ಇದು ಬಹುತೇಕ ಎಲ್ಲರಿಗೂ ಅರ್ಥವಾಯಿತು. ಆಮೇಲೆ ಒಂದು, ಐದು, ಹತ್ತು ವರ್ಷದೊಳಗೆ ಸಾಯುವ ಸಾಧ್ಯತೆ ಎಷ್ಟು ಎಂದು ಕೇಳಿದರು. ಜನ ಇಟ್ಟ ಕಾಳು ನಿಜವಾದ ಅಪಾಯಕ್ಕಿಂತ ಎಷ್ಟೋ ಹೆಚ್ಚಿತ್ತು. ಅದು ಏಡ್ಸ್ ಕಾಲ. ಸುತ್ತಮುತ್ತ ಸಾವು ಕಂಡವರು ತಮ್ಮ ಸರದಿಯೂ ಹತ್ತಿರವಿದೆ ಅಂದುಕೊಳ್ಳುವುದು ಸಹಜ. ಔಷಧಿ ಬಂದು ಆಯಸ್ಸು ಹೆಚ್ಚಿದ ಮೇಲೂ, 45 ದಾಟಿದವರಲ್ಲಿ ಆ ಭಯ ಅಷ್ಟು ಬೇಗ ಇಳಿಯಲಿಲ್ಲ.

ಮನೆಯಲ್ಲೂ ಹೀಗೇ ಮಾಡಿ. ಅವರೆಕಾಳೋ ಕಡಲೆಕಾಳೋ ಹತ್ತು ಸಾಕು. ಮೊದಲು ಸಂತೆ ಪ್ರಶ್ನೆ. ಆಮೇಲೆ ‘ಐದು ವರ್ಷದ ನಂತರವೂ ಇರುವ ಸಾಧ್ಯತೆ ಎಷ್ಟು? ಹತ್ತು, ಹದಿನೈದು ವರ್ಷದ ನಂತರ?’ ಎಂದು ಕೇಳಿ. ಇಲ್ಲಿ ಕೇಳುತ್ತಿರುವುದು ಇರುವ ಸಾಧ್ಯತೆ. ಹಾಗಾಗಿ ವರ್ಷ ಹೆಚ್ಚಿದಂತೆ ಕಾಳು ಕಡಿಮೆಯಾಗಬೇಕು, ಇಲ್ಲವೇ ಅಷ್ಟೇ ಇರಬೇಕು. ಇರುವ ಪ್ರಶ್ನೆಯೇ ಒಳ್ಳೆಯದು, ಸಾವಿನ ಹೆಸರೆತ್ತಿದರೆ ಅಜ್ಜಿ ತಟ್ಟೆ ತಳ್ಳಿ ಎದ್ದುಹೋಗಬಹುದು.

ಹಂತ 3: ಕೋಷ್ಟಕದ ಜೊತೆ ಹೋಲಿಸಿ

ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ರಾಜ್ಯವಾರು ಆಯಸ್ಸಿನ ಕೋಷ್ಟಕ ಪ್ರಕಟಿಸುತ್ತದೆ. ಕರ್ನಾಟಕದ್ದೂ ಇದೆ, ಹಳ್ಳಿ–ಪಟ್ಟಣ, ಗಂಡಸರು–ಹೆಂಗಸರು ಎಂದು ಬೇರೆಬೇರೆಯಾಗಿ. ನಿಮ್ಮ ವಯಸ್ಸಿನ ಸಾಲು ನೋಡಿ. ಅಲ್ಲಿರುವುದು ಸರಾಸರಿ. ಸುಮಾರು ಅರ್ಧದಷ್ಟು ಜನ ಅದನ್ನೂ ದಾಟುತ್ತಾರೆ.

ಹಂತ 4: ಕೂಡಿ, ಕಳೆಯಿರಿ

ಎಲ್ಲರೂ ಮೊದಲು ನೋಡುವುದು ಅಪ್ಪ-ಅಮ್ಮ ಎಷ್ಟು ವರ್ಷ ಬದುಕಿದರು ಎಂದು. ‘ನಮ್ಮಪ್ಪ ಐವತ್ತೈದಕ್ಕೇ ಹೋದರು’ ಎಂದು ತಮ್ಮ ಗಡುವನ್ನೂ ಅಲ್ಲಿಗೇ ಇಟ್ಟುಕೊಳ್ಳುತ್ತಾರೆ. ಆದರೆ ಹೋದದ್ದು ಯಾಕೆ? ಕಾಲರಾ, ಸಿಡುಬು, ಹಾವು ಕಡಿತ, ಹೆರಿಗೆಯಲ್ಲಿ ರಕ್ತಸ್ರಾವ ಇದ್ದರೆ ಅದನ್ನು ನಿಮ್ಮ ಲೆಕ್ಕಕ್ಕೆ ತರಬೇಡಿ. 1941–51ರ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು ಬರೀ 32 ವರ್ಷ. ಹೆತ್ತವರು ಬದುಕಿದ ಕಾಲವೇ ಬೇರೆ. ಹೃದಯಾಘಾತ, ಸಕ್ಕರೆ ಕಾಯಿಲೆ ಮನೆತನದಲ್ಲಿದ್ದರೆ ಮಾತ್ರ ಗಮನ ಕೊಡಿ. ಅದಕ್ಕೂ ಈಗ ಮಾತ್ರೆ ಇದೆ.

ಬೀಡಿ, ಸಿಗರೇಟಿಗೆ ಮಾತ್ರ ಮುಲಾಜಿಲ್ಲದೆ ಕಳೆಯಿರಿ. ಭಾರತದಲ್ಲೇ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರ ಆಯಸ್ಸು ಸುಮಾರು 6 ವರ್ಷ, ಹೆಂಗಸರದು 8 ವರ್ಷ ಕಡಿಮೆ. ಸಿಗರೇಟು ಸೇದುವ ಗಂಡಸರು 10 ವರ್ಷ ಕಳೆದುಕೊಳ್ಳುತ್ತಾರೆ. ಬಿಟ್ಟವರಿಗೆ ಸ್ವಲ್ಪ ವಾಪಸ್ ಸಿಗುತ್ತದೆ, 60ರಲ್ಲಿ ಬಿಟ್ಟರೂ.

ನಡಿಗೆಯನ್ನೂ ನೋಡಿಕೊಳ್ಳಿ. 65 ದಾಟಿದವರು ಮಾಮೂಲಿ ವೇಗದಲ್ಲಿ 4 ಮೀಟರ್ ನಡೆಯಲು ಸುಮಾರು 5 ಸೆಕೆಂಡ್ ತೆಗೆದುಕೊಂಡರೆ ಅದು ಸರಾಸರಿ ಆಯಸ್ಸಿನ ವೇಗ. ಅದಕ್ಕಿಂತ ಚುರುಕಾಗಿದ್ದರೆ ಒಳ್ಳೆಯ ಸೂಚನೆ. ಇದು ಅಮೆರಿಕದ ಲೆಕ್ಕ, ನಮ್ಮ ರಸ್ತೆಗಳ ಗುಂಡಿಯನ್ನು ಅವರು ಪರಿಗಣಿಸಿಲ್ಲ! ಪಡಸಾಲೆಯಲ್ಲೇ ನಡೆದು ನೋಡಿ.

ಹಂತ 5: ಮತ್ತೆ ಕಾಳು ಎಣಿಸಿ, ದುಡ್ಡಿನ ಲೆಕ್ಕಕ್ಕೆ ಬನ್ನಿ

ಈಗ ತಟ್ಟೆಯ ಕಾಳು ಬದಲಾಗಬಹುದು. 80ರ ವಯಸ್ಸಿಗೆ ನಾಲ್ಕು ಕಾಳು, 85ಕ್ಕೆ ಎರಡು ಕಾಳು ಉಳಿದರೂ ಉಳಿತಾಯವನ್ನು 85ರವರೆಗೆ ಹಂಚಿಕೊಳ್ಳಿ. ಹತ್ತರಲ್ಲಿ ಎರಡು ಸಣ್ಣ ಸಾಧ್ಯತೆಯೇನಲ್ಲ.

ಗಂಡ-ಹೆಂಡತಿ ಒಂದೇ ತಟ್ಟೆಗೆ ಕಾಳು ಹಾಕಬೇಡಿ. ನಮ್ಮ ಮನೆಗಳಲ್ಲಿ ಹೆಂಡತಿ ಸಾಮಾನ್ಯವಾಗಿ ನಾಲ್ಕೈದು ವರ್ಷ ಚಿಕ್ಕವಳು. ಜೊತೆಗೆ ಹೆಂಗಸರ ಆಯಸ್ಸೂ ಒಂದೂವರೆ ವರ್ಷ ಹೆಚ್ಚು. ಎರಡನ್ನೂ ಕೂಡಿದರೆ ಅವಳು ಐದಾರು ವರ್ಷ ಒಬ್ಬಳೇ ಇರಬೇಕಾಗಬಹುದು. ಪಿಂಚಣಿ ಯೋಜನೆ ಕೊಳ್ಳುವಾಗ, ತಮ್ಮ ನಂತರವೂ ಹೆಂಡತಿಗೆ ತಿಂಗಳು ತಿಂಗಳು ಹಣ ಬರುತ್ತದಾ ಎಂದು ಏಜೆಂಟರನ್ನು ಕೇಳಿ. ಬರುವ ಮೊತ್ತ ತುಸು ಕಡಿಮೆಯಾದರೂ ಸಹಿ ಹಾಕಬೇಕಾದದ್ದು ಅಂಥ ಯೋಜನೆಗೇ. ಮನೆ, ಹೊಲ ಮಕ್ಕಳ ಹೆಸರಿಗೆ ಬರೆಯುವ ಆಲೋಚನೆಯಿದ್ದರೆ, ಮೊದಲು ಅವಳ ತಟ್ಟೆಯ ಕಾಳು ಎಣಿಸಿ ನೋಡಿ.